ನೋಡಿ ಹೇಳಿದ್ದಕ್ಕೂ ಬಿಲ್ಲು

ಫೆಬ್ರವರಿ 3, ಸೋಮವಾರ

ಇಂದು ಮುತ್ಯಾಲಮ್ಮನವರಿಗೆ ಫೇಶಿಯಲ್ ಮಾಡಿದೆ. ನನ್ನ ಕೋಣೆಯ ಕೆಳಗಿರುವ ಗೊಬ್ಬರದ ಅಂಗಡಿಯವರ ಹೆಂಡತಿ ಅವರು. ಮುಖ ತೊಳೆದು, ಹಬೆ ಕೊಟ್ಟು, ಮೂಗಿನ ಮೇಲಿನ ಕಪ್ಪು ಚುಕ್ಕೆಗಳನ್ನೆಲ್ಲ ತೆಗೆದು, ಕತ್ತಿನವರೆಗೆ ಮಸಾಜ್ ಮಾಡಿ ಮುಗಿಸುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು. ಎದ್ದು ಕನ್ನಡಿ ನೋಡಿಕೊಂಡು, "ಏನ್ ಕೈಯಮ್ಮಾ ನಿಂದು, ಬೆಣ್ಣೆ ಇದ್ದಂಗೈತೆ!" ಎಂದರು. ನನಗೆ ರೆಕ್ಕೆ ಬಂದಂತಾಯಿತು.

ಆಮೇಲೆ, "ಎಷ್ಟು ಕೊಡ್ಲಿ?" ಎಂದು ಕೇಳಿದರು.

"ಅಯ್ಯೋ, ನಿಮ್ಮಿಷ್ಟ ಆಂಟಿ," ಎಂದೆ.

ಅವರ ಇಷ್ಟ ಸಂಜೆ ಮನೆಗೆ ಬಂತು. ಒಂದು ಚೀಲ ಅವರೆಕಾಯಿ.

ಕೋಲಾರದಲ್ಲಿ ಶ್ಯಾಮಲಾ ಮೇಡಂ ಪಾರ್ಲರಿನಲ್ಲಿ ಇದ್ದಾಗ ಈ ತೊಂದರೆಯೇ ಇರಲಿಲ್ಲ. ಮುಖದ ಕೆಲಸ ನನ್ನದು, ಗಲ್ಲಾ ಅವರದು. ಬಿಲ್ಲು ಅವರು ಹರಿದು ಕೊಡುತ್ತಿದ್ದರು, ನಾನು ಮುಂದಿನವರಿಗೆ ಟವೆಲ್ ಹಾಸುತ್ತಿದ್ದೆ. ಈಗ ಶ್ರೀನಿವಾಸಪುರದಲ್ಲಿ ನನ್ನದೇ ಒಂದು ಕೋಣೆ, ನನ್ನದೇ ಮಂಚ, ನನ್ನದೇ ಹಬೆ ಯಂತ್ರ. ಗಲ್ಲಾ ಮಾತ್ರ ಇಲ್ಲ. ಬಿಟ್ಟು ಬರುವ ದಿನ ಮೇಡಂ ಹೇಳಿದ್ದರು: "ಯುಗಾದಿವರೆಗೂ ನಿನ್ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ ರಜನಿ. ಆಗ್ಲಿಲ್ಲಾಂದ್ರೆ ವಾಪಸ್ ಬಾ, ನಾಚ್ಕೋಬೇಡ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ನೆನಪಾದಾಗಲೆಲ್ಲ ಯುಗಾದಿಗೆ ಇನ್ನೆಷ್ಟು ದಿನವೆಂದು ಕ್ಯಾಲೆಂಡರ್ ನೋಡುತ್ತೇನೆ.

ಅವರೆಕಾಳು ಸಾರು ಮಾತ್ರ ಚೆನ್ನಾಗಿತ್ತು.

ಫೆಬ್ರವರಿ 6, ಗುರುವಾರ

ಅತ್ತೆಗೆ ಗೊತ್ತಾಗಿ ಹೋಯಿತು.

ನಮ್ಮ ಅತ್ತೆ ಬಚ್ಚಮ್ಮ ಮೊನ್ನೆ ಮೊನ್ನೆಯವರೆಗೂ ಬಸ್ ಸ್ಟ್ಯಾಂಡಿನ ಎದುರು ಹೂವು ಮಾರಿದವರು. ಮೊಣಕಾಲು ನೋವು ಬಂದ ಮೇಲೆ ಮನೆಯಲ್ಲಿದ್ದಾರೆ. ಆದರೆ ಕಣ್ಣು ಇನ್ನೂ ಬಸ್ ಸ್ಟ್ಯಾಂಡಿನಲ್ಲೇ ಇದೆ. ಬೆಳಿಗ್ಗೆ ನನ್ನ ಪರ್ಸ್ ಎತ್ತಿ ಅಲ್ಲಾಡಿಸಿದರು.

"ಇಷ್ಟ್ ಜನ ಬಂದ್ರಲ್ಲೇ, ಡಬ್ಬುಲೇವೇ?"

ಸಿಟ್ಟು ಬಂದರೆ ಅತ್ತೆಗೆ ತೆಲುಗು ಬರುತ್ತದೆ. ದುಡ್ಡೆಲ್ಲಿ ಎಂದು ಕೇಳುತ್ತಿದ್ದರು. ನಾನು ಅವರೆಕಾಯಿಯ ವಿಷಯ, ಟೀಚರ್ ಒಬ್ಬರು "ಸಂಬಳ ಆಗ್ಲಿ" ಎಂದು ಹೋದ ವಿಷಯ, ಪಕ್ಕದ ಬೀದಿಯ ಹುಡುಗಿಗೆ "ಮೊದಲನೇ ಸಲ ಅಲ್ವಾ, ಬಿಡಮ್ಮ" ಎಂದು ನಾನೇ ಹೇಳಿದ ವಿಷಯ ಎಲ್ಲ ಹೇಳಿದೆ.

"ಕೇಳೋಕೆ ನಾಚಿಕೆ ಆಗುತ್ತೆ ಅತ್ತೆ."

"ನಾಚಿಕೆ! ಕನಕಾಂಬರ ಮೊಳ ಹಾಕ್ಕೊಟ್ಟು ನಾನೂ ನಿನ್ನಂಗೆ 'ನಿಮ್ಮಿಷ್ಟ' ಅಂದಿದ್ರೆ, ನಿನ್ ಗಂಡನ್ನ ಐಟಿಐ ಓದಿಸೋಕಾಗ್ತಿತ್ತೇನೇ? ಬೆಲೆ ಹೇಳ್ಬೇಕಾದ್ರೆ ಹೂವ ನೋಡ್ಬೇಕು, ಗಿರಾಕಿ ಮುಖ ನೋಡ್ಬಾರ್ದು."

"ನನ್ನ ಕೆಲಸದಲ್ಲಿ ಗಿರಾಕಿ ಮುಖಾನೇ ಹೂವು ಅತ್ತೆ."

ಅತ್ತೆ ಒಂದು ಕ್ಷಣ ಯೋಚಿಸಿ, "ಅದೂ ಸರೀನೇ. ಹಂಗಾದ್ರೆ ಬಿಲ್ ಬುಕ್ ಮಾಡ್ಸು. ಬಾಯಲ್ಲಿ ಹೇಳೋಕಾಗ್ದೇ ಇದ್ರೆ ಕಾಗ್ದ ಹೇಳ್ತದೆ," ಎಂದರು.

ಸಂಜೆ ಇಬ್ಬರೂ ಪ್ರೆಸ್ ಕದಿರಪ್ಪನವರ ಹತ್ತಿರ ಹೋದೆವು. "ರಜನಿ ಚರ್ಮ ಆರೈಕೆ ಕೇಂದ್ರ" ಎಂದು ಬರೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ಚರ್ಮಾನಾ? ಬ್ಯಾಗು, ಬೆಲ್ಟು ರಿಪೇರಿ ಮಾಡ್ತೀರೇನಮ್ಮಾ?"

ಹಾಗಾದರೆ "ತ್ವಚೆ" ಹಾಕೋಣವೆಂದೆ. ತ್ವಚೆ ಎಂದರೆ ಏನೆಂದು ಅತ್ತೆ ಕೇಳಿದರು. ಕದಿರಪ್ಪನವರೂ ಕೇಳಿದರು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಹಾಕಿಸಲು ಕುಳಿತಿದ್ದ ಯಜಮಾನರೊಬ್ಬರು ಅದು ಯಾವುದೋ ಊರಿರಬೇಕು ಎಂದರು. ಕೊನೆಗೆ "ರಜನಿ ಮುಖದ ಆರೈಕೆ, ಶ್ರೀನಿವಾಸಪುರ" ಎಂದು ನಿಶ್ಚಯವಾಯಿತು. ದಾರಿಯುದ್ದಕ್ಕೂ ನಗುತ್ತಾ ಬಂದೆವು.

ಫೆಬ್ರವರಿ 13, ಗುರುವಾರ

ಬಿಲ್ ಬುಕ್ ಬಂದಿದೆ. ಎಷ್ಟು ಚೆನ್ನಾಗಿದೆಯೆಂದರೆ, ಹಾಳೆ ಹರಿಯಲು ಮನಸ್ಸಾಗುವುದಿಲ್ಲ.

ಟೀಚರ್ ಬಂದಿದ್ದರು. ಬರೆದೆ. ಹರಿದೆ. ಕೊಟ್ಟೆ. ಅವರು ಓದುವ ಮೊದಲೇ, "ಅರ್ಜೆಂಟಿಲ್ಲ ಮೇಡಂ, ಯಾವಾಗಾದ್ರೂ ಕೊಡಿ," ಎಂದುಬಿಟ್ಟೆ. ಅವರು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದರು.

ಅತ್ತೆಗೆ ಹೇಳಲಿಲ್ಲ.

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ಬಂದ ಫೋನಿನಿಂದ ಕುಣಿದಾಡುವಂತಾಗಿತ್ತು. ಈಗ ಬರೆಯುವಾಗ ಸ್ಕೂಟರ್ ಓಡಿಸಿ ಬೆನ್ನು ನೋಯುತ್ತಿದೆ, ಮನಸ್ಸೂ ನೋಯುತ್ತಿದೆ. ಕ್ರಮವಾಗಿ ಬರೆಯುತ್ತೇನೆ.

ಫೋನ್ ಮುಳಬಾಗಿಲಿನಿಂದ. ಟೊಮೇಟೊ ಮಂಡಿಯ ಕೋದಂಡರಾಮಪ್ಪನವರ ಮನೆಯವರು, ರಮಾದೇವಿ. ಮೇ ತಿಂಗಳಲ್ಲಿ ಮಗಳ ಮದುವೆ. ಮದುಮಗಳಿಗೆ, ಅತ್ತಿಗೆಯರಿಗೆ, ನಾದಿನಿಯರಿಗೆ ಎಲ್ಲರಿಗೂ ಮದುವೆಯವರೆಗೆ ಫೇಶಿಯಲ್, ಮದುವೆಯ ದಿನ ಅಲಂಕಾರವೂ ನನ್ನದೇ. ಅಷ್ಟು ದೊಡ್ಡ ಕೆಲಸ ಇದುವರೆಗೆ ನನಗೆ ಸಿಕ್ಕಿಲ್ಲ. ಸ್ಕೂಟರಿನಲ್ಲಿ ಹಾಡು ಹೇಳಿಕೊಂಡೇ ಹೋದೆ.

ರಮಾದೇವಿಯವರು ಬಾಗಿಲಲ್ಲೇ ಹೇಳಿದರು: "ಇವತ್ತೇ ಬ್ಲೀಚ್ ಶುರು ಮಾಡಮ್ಮ. ಮದುವೆ ಹೊತ್ಗೆ ಇನ್ನೂ ಬೆಳ್ಳಗಾಗ್ಬೇಕು. ಗಂಡಿನ ಕಡೆಯವ್ರು ಫೋಟೋ ನೋಡಿ ಒಪ್ಪಿರೋದು."

ಹುಡುಗಿ ಗಂಗಾಲಕ್ಷ್ಮಿ, ಮನೆಯಲ್ಲಿ ಗಂಗಾ. ನರಸಾಪುರದ ಕಂಪನಿಯೊಂದರಲ್ಲಿ ಕೆಲಸ. ದಪ್ಪಗೆ ಪೌಡರ್ ಹಚ್ಚಿಕೊಂಡಿದ್ದಳು. ಹತ್ತಿ ಒದ್ದೆ ಮಾಡಿ ಮೆಲ್ಲಗೆ ಒರೆಸಿದೆ. ಕೆಳಗಿದ್ದ ಮುಖ ನೋಡಿ ನನ್ನ ಕೈ ನಿಂತಿತು. ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಕೆಂಪು ನರಗಳು ಕಾಣುತ್ತಿದ್ದವು. ಗಲ್ಲದ ಸುತ್ತ ಸಣ್ಣ ಸಣ್ಣ ಗುಳ್ಳೆ.

"ಬಿಸಿಲಿಗೆ ಹೋದ್ರೆ ಉರಿಯುತ್ತಾ?"

"ಒಲೆ ಮುಂದೆ ನಿಂತ್ರೂ ಉರಿಯುತ್ತೆ ಅಕ್ಕ."

ಯಾವ ಕ್ರೀಮ್ ಎಂದು ಕೇಳಿದೆ. ಟ್ಯೂಬ್ ತಂದು ತೋರಿಸಿದಳು. ಡಾಕ್ಟರು ಬರೆದುಕೊಟ್ಟರೆ ಕೆಲವೇ ದಿನ ಹಚ್ಚಬೇಕಾದ ಔಷಧಿ ಅದು. ಯಾರ ಚೀಟಿಯೂ ಇಲ್ಲದೆ, ಬೆಳ್ಳಗಾಗಲೆಂದು ಎರಡು ವರ್ಷದಿಂದ ಹಚ್ಚುತ್ತಿದ್ದಳಂತೆ. ಬಿಟ್ಟರೆ ಉರಿ, ಆದ್ದರಿಂದ ಮತ್ತೆ ಹಚ್ಚುವುದು. ಇಂಥ ಮುಖಗಳು ಪಾರ್ಲರಿನಲ್ಲೂ ಬರುತ್ತಿದ್ದವು. ಮೇಡಂ ಮೊದಲ ದಿನವೇ ಕಲಿಸಿದ್ದರು: ಇಂಥದ್ದನ್ನು ನಾವು ಮುಟ್ಟಬಾರದು, ಡಾಕ್ಟರ ಹತ್ತಿರ ಕಳಿಸಬೇಕು.

ನಾನು ಎದ್ದು ಪೆಟ್ಟಿಗೆ ಮುಚ್ಚಿದೆ. "ಇದಕ್ಕೆ ನಾನು ಕೈ ಹಚ್ಚಲ್ಲಮ್ಮ. ಬ್ಲೀಚ್ ಹಾಕಿದ್ರೆ ಮುಖ ಸುಟ್ಟು ಹೋಗುತ್ತೆ. ಮೊದ್ಲು ಕೋಲಾರದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ."

"ಕರ್ಸಿದ್ದು ಕೆಲಸ ಮಾಡೋಕೆ. ನೀನು ನೋಡಿದ್ರೆ ಹೆದರಿಸ್ತಾ ಇದ್ದೀಯಲ್ಲ! ಕೈಲಾಗಲ್ಲ ಅಂದ್ರೆ ಹೇಳು, ಬೇರೆಯವ್ರನ್ನ ಕರೆಸ್ತೀನಿ."

"ಯಾರೇ ಬಂದ್ರೂ ಇದನ್ನ ಮುಟ್ಟೋಕೆ ಬಿಡ್ಬೇಡಿ," ಎಂದೆ.

ಗಂಗಾ ಅಳುತ್ತಿದ್ದಳು. ರಮಾದೇವಿಯವರು ಬಾಗಿಲವರೆಗೆ ಬಂದು, "ಏನೂ ಮಾಡ್ಲಿಲ್ಲವಲ್ಲ, ದುಡ್ಡೇನೂ ಇಲ್ಲ ತಾನೆ?" ಎಂದರು. ಇಲ್ಲವೆಂದೆ. ಬರುವಾಗ ಹಾಡು ಬರಲಿಲ್ಲ.

ಫೆಬ್ರವರಿ 20, ಗುರುವಾರ

ಅತ್ತೆ ಎಲ್ಲ ಕೇಳಿಸಿಕೊಂಡರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

"ಏನೂ ಮಾಡ್ಲಿಲ್ಲ ಅಂತ ನೀನೂ ಒಪ್ಕೊಂಡ್ಯಾ?"

"ಮಾಡಿಲ್ಲವಲ್ಲ ಅತ್ತೆ."

"ಅಲ್ಲಿಗೆ ಹೋಗಿದ್ದು ಒಂದು ಕೆಲ್ಸ. ನೋಡಿದ್ದು ಒಂದು ಕೆಲ್ಸ. ಆ ಹುಡ್ಗಿ ಮುಖ ಕೆಡಿಸದಂಗೆ ಎದ್ದು ಬಂದ್ಯಲ್ಲ, ಅದು ಎಲ್ಲಕ್ಕಿಂತ ದೊಡ್ಡ ಕೆಲ್ಸ. ಬರಿ ಬಿಲ್ಲು."

ನಗುತ್ತಲೇ ಬರೆದೆ. "ಮುಖ ಪರೀಕ್ಷೆ ಮಾಡಿ ಸಲಹೆ ಕೊಟ್ಟಿದ್ದು ಮತ್ತು ಹೋಗಿ ಬಂದ ಖರ್ಚು: 300 ರೂ." ಫೋಟೋ ತೆಗೆದೆ. ವಾಟ್ಸಾಪಿನಲ್ಲಿ ರಮಾದೇವಿಯವರ ನಂಬರಿಗೆ ಹಾಕಿ, ಕಳಿಸುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗ, ಅತ್ತೆ ಬಂದು ಬೆರಳಿಂದ ಒತ್ತಿಬಿಟ್ಟರು! ಅವರಿಗೆ ಫೋನ್ ಬರುವುದಿಲ್ಲವೆಂದು ನಾನು ನಂಬಿದ್ದೆ.

ಅಳಿಸಬೇಕೆನ್ನುವಷ್ಟರಲ್ಲಿ ಎರಡು ನೀಲಿ ಗೀಟು ಬಂದವು.

ಫೆಬ್ರವರಿ 22, ಶನಿವಾರ

ಉತ್ತರವಿಲ್ಲ. ನೀಲಿ ಗೀಟು ಹಾಗೇ ಇವೆ. ಮುಳಬಾಗಿಲಿನಲ್ಲಿ ಇನ್ನು ಮುಖ ತೋರಿಸುವ ಹಾಗಿಲ್ಲ.

ಇವರು ಪಾಳಿ ಮುಗಿಸಿ ಬಂದು, "ನೀನು ಬಿಲ್ ಕಳಿಸಿದ್ಯೋ ಬಾಂಬ್ ಕಳಿಸಿದ್ಯೋ?" ಎಂದು ಕೇಳಿದರು. ನನ್ನ ಗಂಡ ಕದಿರೇಶ್ ಅವರಿಗೆ ಎಲ್ಲವೂ ತಮಾಷೆ.

ಫೆಬ್ರವರಿ 25, ಮಂಗಳವಾರ

ಕೋದಂಡರಾಮಪ್ಪನವರೇ ಫೋನ್ ಮಾಡಿದರು. ಹೆಸರು ಹೇಳುತ್ತಲೇ ನಾನು ಎದ್ದು ನಿಂತೆ, ಕೋಣೆಯಲ್ಲಿ ಒಬ್ಬಳೇ ಇದ್ದರೂ.

"ಏನಮ್ಮಾ, ಕೈ ಹಚ್ಚದೇನೇ ಬಿಲ್ ಹಾಕಿದ್ದೀಯಂತೆ?"

"ಸಾರ್, ಅದು... ಬೇಡ ಅಂದ್ರೆ..."

"ಯಾಕ್ ಬೇಡ? ನಾನು ಮಂಡೀಲಿ ಒಂದು ಬಾಕ್ಸೂ ಎತ್ತಲ್ಲ. ಟೊಮೇಟೊ ನೋಡ್ತೀನಿ, ರೇಟ್ ಹೇಳ್ತೀನಿ. ಅದಕ್ಕೇ ನಂಗೆ ಕಮಿಷನ್. ನೋಡಿ ಹೇಳೋದು ಕೆಲ್ಸ ಅಲ್ಲಾಂದ್ರೆ ನಮ್ಮನೇಲಿ ಒಲೇನೇ ಹತ್ತಲ್ಲ." ಗಟ್ಟಿಯಾಗಿ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಡಾಕ್ಟರಿಗೆ ತೋರಿಸಿದ್ವಿ. ನೀನು ಹೇಳಿದ್ದನ್ನೇ ಹೇಳಿದ್ರು. ಕ್ರೀಮ್ ನಿಲ್ಸಿದ್ಮೇಲೆ ಮುಖ ಇನ್ನೂ ಊದ್ಕೊಂಡಿದೆ. ಮೊದಲು ಹಿಂಗೇ ಆಗುತ್ತೆ, ಆಮೇಲೆ ಇಳಿಯುತ್ತೆ ಅಂದಿದ್ದಾರೆ. ಮಗು ರೂಮಿಂದ ಹೊರಗೇ ಬರ್ತಿಲ್ಲ. ಅವರಮ್ಮ ನಿನ್ನನ್ನೇ ಬೈತಾಳೆ. ನೀನೊಂದ್ಸಲ ಬಂದು ಹೋಗಮ್ಮ. ಬಿಲ್ ಹಾಕ್ಕೊಂಡೇ ಬಾ."

ದುಡ್ಡು ಫೋನಿಗೆ ಬಂತು. ಅತ್ತೆಗೆ ತೋರಿಸಿದೆ. ಅವರು ಫೋನನ್ನು ಕಣ್ಣಿಗೆ ಒತ್ತಿಕೊಂಡರು.

ಮಾರ್ಚ್ 6, ಗುರುವಾರ

ಈಗ ವಾರಕ್ಕೊಮ್ಮೆ ಮುಳಬಾಗಿಲಿಗೆ ಹೋಗುತ್ತೇನೆ. ಗಂಗಾಳ ಮುಖಕ್ಕೆ ಡಾಕ್ಟರು ಹೇಳಿದ್ದನ್ನು ಬಿಟ್ಟು ಬೇರೇನೂ ಹಚ್ಚುವಂತಿಲ್ಲ. ತಣ್ಣೀರು ಬಟ್ಟೆ ಇಡುತ್ತೇನೆ, ಅವರು ಬರೆದುಕೊಟ್ಟ ಮುಲಾಮು ಹೇಗೆ ಹಚ್ಚಬೇಕೆಂದು ತೋರಿಸುತ್ತೇನೆ. ಇಷ್ಟಕ್ಕೆ ಎಷ್ಟು ಹೊತ್ತು ಬೇಕು? ಉಳಿದ ಹೊತ್ತು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರುತ್ತೇನೆ. ಇಬ್ಬರೂ ಮಾತಾಡುತ್ತೇವೆ. ಕಂಪನಿ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಆಗುವ ಜಗಳಗಳನ್ನು ಅವಳು ನಟಿಸಿ ತೋರಿಸುತ್ತಾಳೆ. ಇಂದು ಮೊದಲ ಸಲ ಜೋರಾಗಿ ನಕ್ಕಳು. ನಕ್ಕರೆ ಕೆನ್ನೆ ಉರಿಯುತ್ತದೆಂದು ಕೈಯಲ್ಲಿ ಹಿಡಿದುಕೊಂಡು ನಕ್ಕಳು.

ರಮಾದೇವಿಯವರು ಕಾಫಿ ಕೊಡುತ್ತಾರೆ, ಮಾತು ಕೊಡುವುದಿಲ್ಲ.

ಟೀಚರ್ ಬಾಕಿ ಕೊಟ್ಟರು. ಬಿಲ್ಲಿನ ಫೋಟೋ ಮತ್ತೊಮ್ಮೆ ಕಳಿಸಿದ್ದೆ. "ಅಯ್ಯೋ ಮರ್ತೇ ಹೋಗಿತ್ತು ರಜನಿ, ನೆನಪಿಸಿದ್ದು ಒಳ್ಳೇದಾಯ್ತು," ಎಂದರು. ಇಷ್ಟೇನಾ!

ಮಾರ್ಚ್ 22, ಶನಿವಾರ

ಇವತ್ತಿನದನ್ನು ಬರೆಯದೆ ಇರಲಾಗದು.

ಗಂಗಾಳನ್ನು ಮದುವೆಯಾಗುವ ಹುಡುಗ ಮಾಸ್ತಿಯವನು, ಆಂಜಿ. ಹಾಲಿನ ಡೈರಿಯಲ್ಲಿ ಸೆಕ್ರೆಟರಿ, ಮನೆಯಲ್ಲೂ ಹಸುಗಳಿವೆ. ನಿಶ್ಚಯ ಆದಾಗಿನಿಂದ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದನಂತೆ. ಕ್ರೀಮ್ ಬಿಟ್ಟಾಗಿನಿಂದ ಇವಳು ಎತ್ತುತ್ತಿಲ್ಲ. ನೆಟ್‌ವರ್ಕ್ ಇಲ್ಲ, ಓವರ್‌ಟೈಮ್ ಇದೆ, ಫೋನ್ ಬಿದ್ದು ಒಡೆದಿದೆ, ಹೀಗೆ ಸುಳ್ಳಿನ ಮೇಲೆ ಸುಳ್ಳು. ಇಂದು ಎಣ್ಣೆ ಹಚ್ಚುತ್ತಿದ್ದಾಗ ಮತ್ತೆ ಫೋನ್ ಬಂತು. ಅವಳು ದಿಂಬಿನ ಕೆಳಗೆ ತಳ್ಳಿದಳು.

"ಎಷ್ಟು ದಿನ ಮುಚ್ಚಿಡ್ತೀಯೇ? ಮದುವೆಯಾದ್ಮೇಲೂ ದಿಂಬಿನ ಕೆಳಗೇ ಸಂಸಾರ ಮಾಡ್ತೀಯಾ?" ಎಂದೆ.

"ಬೇಡ ಅಂದ್ಬಿಟ್ರೆ ಅಕ್ಕ?"

"ಅಂದ್ರೆ ಈಗ್ಲೇ ಅನ್ಲಿ. ಛತ್ರಕ್ಕೆ ಅಡ್ವಾನ್ಸ್ ಕೊಡೋ ಮೊದ್ಲೇ ಗೊತ್ತಾಗ್ಲಿ."

ಅವಳಿಗೆ ಏನನ್ನಿಸಿತೋ, ತಲೆಯ ತುಂಬ ಎಣ್ಣೆ, ಮುಖದ ತುಂಬ ಕೆಂಪು, ಹಾಗೇ ಫೋನ್ ಎತ್ತಿಬಿಟ್ಟಳು. ಅತ್ತ ಹುಡುಗ ಸಿನಿಮಾದವರಂತೆ ಫಳಫಳ ಹೊಳೆಯುತ್ತಿದ್ದ. ಇವಳ ಮುಖ ಕಂಡು ಅವನ ಮಾತು ನಿಂತಿತು.

"ಇದೇ ನನ್ ಮುಖ," ಎಂದಳು ಗಂಗಾ. "ಅದು ಕ್ರೀಮು. ಡಾಕ್ಟ್ರು ನಿಲ್ಸಿದ್ದಾರೆ. ವಾಸಿ ಆಗುತ್ತಂತೆ, ಆದ್ರೆ ಬೆಳ್ಳಗೆ ಆಗಲ್ಲ. ನೀವು ಯೋಚ್ನೆ ಮಾಡಿ ಹೇಳಿ."

ನನ್ನ ಬೆರಳು ಅವಳ ಕೂದಲಲ್ಲೇ ಸಿಕ್ಕಿಕೊಂಡಿತು. ಆಮೇಲೆ ಅವನು, "ಒಂದ್ನಿಮಿಷ," ಎಂದು ಫೋನಿನಲ್ಲಿ ಏನೋ ಒತ್ತಿದ. ಹೊಳಪೆಲ್ಲ ಒಮ್ಮೆಲೇ ಹೋಯಿತು! ಕೆನ್ನೆಯ ತುಂಬ ಹಳೆ ಮೊಡವೆಯ ಕುಳಿಗಳು, ಬಿಸಿಲಿಗೆ ಕಂದಿದ ಹಣೆ, ಮೂಗಿನ ಮೇಲೊಂದು ಹೊಸ ಮೊಡವೆ.

"ನಾನೂ ಇಷ್ಟು ದಿನ ಫಿಲ್ಟರ್ ಹಾಕ್ಕೊಂಡೇ ಮಾತಾಡ್ತಿದ್ದೆ ಕಣ್ರೀ," ಎಂದ. "ಹೆಣ್ಣು ನೋಡೋಕೆ ಬಂದಾಗ ನಮ್ಮಕ್ಕ ಪೌಡರ್ ಬಳಿದಿದ್ಲು. ನೀವು ಫೋನ್ ಎತ್ತದೇ ಇದ್ದಾಗ, ಎಲ್ಲೋ ನಿಜ ಗೊತ್ತಾಗಿ ಬೇಡ ಅಂತಿದ್ದೀರಿ ಅಂದ್ಕೊಂಡೆ."

ಗಂಗಾ ಬಾಯಿ ಮುಚ್ಚಿಕೊಂಡಳು. ಮೊದಲು ನಕ್ಕಿದ್ದು ನಾನು. ಆಮೇಲೆ ಅವಳು, ಆಮೇಲೆ ಅವನು, ಅವನ ಹಿಂದೆ ಹಸುವೊಂದು ಅಂಬಾ ಎಂದಿತು, ಮತ್ತೆ ನಗು. ಬಾಗಿಲ ಹತ್ತಿರ ರಮಾದೇವಿಯವರು ನಿಂತಿದ್ದರು. ಅವರು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮಾರ್ಚ್ 30, ಭಾನುವಾರ, ಯುಗಾದಿ

ಹೋಳಿಗೆ, ಬೇವು ಬೆಲ್ಲ. ಇವರು ಹೊಸ ಸೀರೆ ತಂದಿದ್ದಾರೆ, ಬಣ್ಣ ಮಾತ್ರ ಕೇಳಬಾರದು.

ಶ್ಯಾಮಲಾ ಮೇಡಂ ಫೋನ್ ಮಾಡಿ ಹಬ್ಬದ ಶುಭಾಶಯ ಹೇಳಿದರು. "ಏನ್ ಮಾಡ್ದೆ ರಜನಿ? ನಾಳಿದ್ದು ಬರ್ತೀಯಾ?" ಎಂದು ಕೇಳಿದರು. "ನಾಳಿದ್ದು ಪುರುಸೊತ್ತಿಲ್ಲ ಮೇಡಂ, ಇಬ್ಬರು ಬರೋರಿದ್ದಾರೆ. ಮುಂದಿನ ವಾರ ಕೋಲಾರಕ್ಕೆ ಬಂದಾಗ ಬಂದು ಹೋಗ್ತೀನಿ," ಎಂದೆ. ಅವರು ಯಾಕೋ ಜೋರಾಗಿ ನಕ್ಕು, "ಆಯ್ತು, ನಿನ್ ಜಾಗಕ್ಕೆ ಇನ್ನೊಬ್ಬಳನ್ನ ತಗೋತೀನಿ ಬಿಡು," ಎಂದರು. ಫೋನ್ ಇಟ್ಟ ಮೇಲೆ ಹೊಳೆಯಿತು, ಅವರು ಕೇಳಿದ್ದು ಕೆಲಸದ ವಿಷಯ. ನಾನು ಮರೆತೇಬಿಟ್ಟಿದ್ದೆ!

ಹೋಳಿಗೆ ಜಾಸ್ತಿ ತಿಂದೆ.

ಏಪ್ರಿಲ್ 12, ಶನಿವಾರ

ಗಂಗಾಳ ಮುಖದ ಊತ ಇಳಿದಿದೆ. ಕೆಂಪು ಅಲ್ಲಲ್ಲಿ ಉಳಿದಿದೆ, ಅಷ್ಟೇ. ಕೆಳಗಿನಿಂದ ಅವಳ ಬಣ್ಣ ಮೆಲ್ಲಗೆ ಮೇಲೆ ಬರುತ್ತಿದೆ. ಒಳ್ಳೆ ರಾಗಿಯ ಬಣ್ಣ. ಮದುವೆ ದಿನ ಲಘುವಾದ ಅಲಂಕಾರ ಮಾಡಬಹುದೆಂದು ಡಾಕ್ಟರು ಒಪ್ಪಿದ್ದಾರೆ.

ಹೊರಡುವಾಗ ರಮಾದೇವಿಯವರು ತಡೆದರು. ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು.

"ನಾನು ಈ ಮನೇಗೆ ಬಂದಾಗ ಇವರ ಕಡೆಯವ್ರು 'ಕರೀ ಬೆಕ್ಕು ಬಂತು' ಅಂದ್ರು. ಮುಹೂರ್ತದ ದಿನಾನೇ. ನನ್ನ ಕಿವೀಗೆ ಬೀಳೋ ಹಂಗೇ. ನನ್ ಮಗಳಿಗೆ ಯಾರೂ ಹಂಗನ್ಬಾರ್ದು ಅಂತ ಆ ಟ್ಯೂಬ್ ತಂದ್ಕೊಟ್ಟಿದ್ದು ನಾನೇ ಕಣಮ್ಮ."

ಅವರ ಕೈ ಹಿಡಿದುಕೊಂಡೆ. ಅವರೇ ಮೂಗು ಒರೆಸಿಕೊಂಡು, "ಬೆಂಗ್ಳೂರಿಂದ ಮೇಕಪ್‌ನೋರನ್ನ ಕರೆಸೋಣ ಅಂದೆ. ನೀನೇ ಬೇಕಂತೆ ಅವಳಿಗೆ. ಎಷ್ಟಾಗುತ್ತೆ?" ಎಂದರು.

ಹೇಳಿದೆ. ಮದುಮಗಳಿಗೆ ಇಷ್ಟು, ಹೆಂಗಸರಿಗೆ ತಲೆಗಿಷ್ಟು. ಅರ್ಧ ಮುಂಗಡ, ಅರ್ಧ ಮದುವೆಯಾದ ಮೇಲೆ.

"ಸ್ವಲ್ಪ ನೋಡ್ಕೊಂಡು ಹೇಳಮ್ಮ."

"ನೋಡ್ಕೊಂಡೇ ಹೇಳಿರೋದು," ಎಂದೆ. ಅವರು ಎದ್ದು ಒಳಗೆ ಹೋಗಿ ಮುಂಗಡ ತಂದುಕೊಟ್ಟರು. ಸಂಜೆ ಅತ್ತೆಗೆ ಹೇಳಿದರೆ, ಅವರು ಮೂರು ಸಲ ಅದೇ ಮಾತನ್ನು ಹೇಳಿಸಿದರು. ಅದರಲ್ಲಿ ಅಂಥದ್ದೇನಿದೆಯೋ.

ಏಪ್ರಿಲ್ 24, ಗುರುವಾರ

ಬಿಡುವಿಲ್ಲ. ಮುತ್ಯಾಲಮ್ಮ ಅವರ ಅಕ್ಕನನ್ನು ಕರೆತಂದಿದ್ದರು. ಇಬ್ಬರೂ ಬಿಲ್ಲು ನೋಡಿ ದುಡ್ಡು ಕೊಟ್ಟು ಹೋದರು. ಮಾವಿನಕಾಯಿ ಬೇರೆ ಕೊಟ್ಟರು.

ಮೇ 11, ಭಾನುವಾರ

ಮದುವೆ ಮುಗಿಸಿ ಬಂದೆ. ಕೈಯೆಲ್ಲ ಕುಂಕುಮ, ತಲೆಯಲ್ಲಿ ಅಕ್ಷತೆ.

ಗಂಗಾಳಿಗೆ ಹೆಚ್ಚೇನೂ ಮಾಡಲಿಲ್ಲ. ಅವಳ ಬಣ್ಣಕ್ಕೆ ಹೊಂದುವಂತೆ ತೆಳುವಾಗಿ ಹಚ್ಚಿ, ಕಣ್ಣಿಗೆ ಕಾಡಿಗೆ ತಿದ್ದಿದೆ. ಈಗಿನ ಫ್ಯಾಷನ್ನಿನ ತಿಳಿ ಹಸಿರು ಬೇಡವೆಂದು ಹಟ ಹಿಡಿದು ಅರಿಸಿನ ಬಣ್ಣದ ಸೀರೆ ಉಟ್ಟಿದ್ದಳು. ಕನ್ನಡಿಯ ಮುಂದೆ ಕುಳಿತವಳು ಬಹಳ ಹೊತ್ತು ಏಳಲಿಲ್ಲ. "ನಮ್ಮಜ್ಜಿ ಥರ ಕಾಣ್ತಿದ್ದೀನಲ್ವಾ ಅಕ್ಕ?" ಎಂದಳು. ಅವರ ಮನೆಯ ಗೋಡೆಯ ಮೇಲಿದ್ದ ಅಜ್ಜಿಯ ಫೋಟೋ ನನಗೂ ನೆನಪಾಯಿತು. ಹೌದು, ಅದೇ ಹಣೆ, ಅದೇ ಬಣ್ಣ.

ಹಸೆಮಣೆಗೆ ಕರೆದುಕೊಂಡು ಹೋಗುವಾಗ ಗಂಡಿನ ಸೋದರತ್ತೆ ಬೈರಮ್ಮ ಅಡ್ಡ ನಿಂತರು. ಮಾಸ್ತಿಯಲ್ಲಿ ಅವರ ಮಾತಿಗೆ ಎದುರಿಲ್ಲವಂತೆ. ಸೊಂಟದ ಮೇಲೆ ಕೈಯಿಟ್ಟು ಗಂಗಾಳ ಮುಖವನ್ನು ಹತ್ತಿರದಿಂದ ನೋಡಿದರು.

"ಫೋಟೋದಾಗೆ ಬೆಳ್ಳಗಿನ ಹುಡ್ಗಿ ಇದ್ಲಲ್ಲ? ಅವಳೆಲ್ಲಿ?"

ಪಕ್ಕದಲ್ಲಿದ್ದ ರಮಾದೇವಿಯವರು ನನ್ನ ತೋಳು ಹಿಡಿದುಕೊಂಡರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗಂಗಾಳೇ ತಲೆಯೆತ್ತಿದಳು.

"ಅವಳು ಟ್ಯೂಬಿನಲ್ಲಿದ್ಲು ಅತ್ತೆ. ಟ್ಯೂಬ್ ಖಾಲಿ ಆಯ್ತು, ಅವಳೂ ಹೋದ್ಲು. ಇನ್ನು ಉಳಿದಿರೋದು ನಾನೇ."

ಬೈರಮ್ಮನವರು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು. "ಅಬ್ಬಬ್ಬಾ! ಬಾಯಿರೋ ಸೊಸೆ ಸಿಕ್ಳಪ್ಪೋ ನಮ್ಮನೇಗೆ! ಬಾರೇ, ಬಾ, ಮುಹೂರ್ತ ಮೀರ್ತದೆ," ಎಂದು ಅವಳ ಕೈ ಹಿಡಿದು ತಾವೇ ಎಳೆದುಕೊಂಡು ಹೋದರು. ಹಸೆಮಣೆಯ ಮೇಲೆ ಆಂಜಿ ಮೊಡವೆಯ ಕುಳಿಗಳನ್ನೆಲ್ಲ ಬಿಟ್ಟುಕೊಂಡು, ಒಂದು ಚೂರೂ ಪೌಡರಿಲ್ಲದೆ ಕುಳಿತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದು ತಾಳಿ ಕಟ್ಟುವಾಗಲೂ ನಿಲ್ಲಲಿಲ್ಲ. ಪುರೋಹಿತರು ಒಮ್ಮೆ ಗದರಿದರು.

ರಮಾದೇವಿಯವರು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತರು. ನನ್ನ ಹೊಸ ಸೀರೆ ಒದ್ದೆಯಾಯಿತು. ಯುಗಾದಿಗೆ ಇವರು ತಂದದ್ದು, ಇನ್ನಾದರೂ ಬಣ್ಣ ಸುಧಾರಿಸಬಹುದು.

ಮೇ 15, ಗುರುವಾರ

ಮದುವೆಯ ಬಿಲ್ಲು ಬರೆದು ಕಳಿಸಿದೆ. ಬರೆಯುತ್ತಾ ಹೋದಾಗ ಒಂದು ಸಾಲಿನಲ್ಲಿ ನಿಂತೆ. ಗಂಗಾಳ ತಲೆಗೆ ಎಣ್ಣೆ ಹಚ್ಚಿದ್ದು. ಅದನ್ನು ಬಿಡಲು ಮನಸ್ಸಾಗಲಿಲ್ಲ, ಅದಕ್ಕೆ ಬೆಲೆ ಹಾಕಲೂ ಮನಸ್ಸಾಗಲಿಲ್ಲ. "ತಲೆಗೆ ಎಣ್ಣೆ ಹಚ್ಚಿದ್ದು: ಮುಯ್ಯಿ" ಎಂದು ಬರೆದೆ. ಮದುವೆಗೆ ಎಲ್ಲರೂ ಮುಯ್ಯಿ ಮಾಡುತ್ತಾರೆ. ನನ್ನದು ಇದು.

ದುಡ್ಡು ತಕ್ಷಣವೇ ಬಂತು. ಹಿಂದೆಯೇ ರಮಾದೇವಿಯವರ ಫೋನ್.

"ಏನಿದು ಮುಯ್ಯಿ ಅಂತ ಬರ್ದಿದ್ದೀಯಾ? ಅದಕ್ಕೂ ರೇಟ್ ಹಾಕು."

"ಇಲ್ಲಮ್ಮ. ಅದು ನಾನು ಕೊಟ್ಟಿದ್ದು. ಬಾಕಿ ಎಲ್ಲ ನೀವು ಕೊಟ್ಟಿದ್ದೀರಲ್ಲ."

"ಮುಯ್ಯಿ ಅಂದ್ರೆ ತಿರುಗಿಸ್ಬೇಕು ಕಣಮ್ಮ. ನಿಮ್ಮನೇಲಿ ಏನಾದ್ರೂ ಕಾರ್ಯ ಇದೆಯಾ?"

"ಏನೂ ಇಲ್ಲವಲ್ಲ."

"ಅಂಗಡಿ ಪೂಜೆ ಆಯ್ತಾ?"

ಆಗಿರಲಿಲ್ಲ. ಕೋಣೆ ತೆಗೆದಾಗ ನಾನು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಸುಮ್ಮನೆ ಬೀಗ ತೆಗೆದು ಒಳಗೆ ಹೋಗಿದ್ದೆ.

"ಹಂಗಾದ್ರೆ ಇಟ್ಕೊ. ದಿನ ನೋಡಿ ಹೇಳು. ನಾನು ಬರ್ಬೇಕು," ಎಂದು ಫೋನ್ ಇಟ್ಟರು.

ಜೂನ್ 6, ಶುಕ್ರವಾರ

ಅಂಗಡಿ ಪೂಜೆ. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಈ ಊರಿನಲ್ಲಿ ಮಾವಿಗೇನು ಬರ? ಅತ್ತೆ ಹಿಂದಿನ ದಿನವೇ ಕನಕಾಂಬರ ತರಿಸಿ ತಾವೇ ಕಟ್ಟಿದರು. ಕೋಣೆ ಸಾಲದೆ ಜನ ಮೆಟ್ಟಿಲ ಮೇಲೆ, ಗೊಬ್ಬರದ ಅಂಗಡಿಯ ಮೂಟೆಗಳ ಮೇಲೆ ಕುಳಿತರು. ರಮಾದೇವಿಯವರು ಎಲ್ಲರಿಗಿಂತ ಮೊದಲು ಬಂದು ಪ್ರಸಾದ ಹಂಚುವ ಕೆಲಸ ಹಿಡಿದರು. ಗಂಗಾ, ಆಂಜಿ, ಅವರ ಜೊತೆಗೆ ಮಾಸ್ತಿಯಿಂದ ಬೈರಮ್ಮನವರೂ ಬಂದಿದ್ದರು.

ಸಂಕಲ್ಪ ಯಾರ ಹೆಸರಿನಲ್ಲಿ ಎಂದು ಪುರೋಹಿತರು ಇವರ ಕಡೆ ನೋಡುತ್ತಾ ಕೇಳಿದರು. "ರಜನಿ," ಎಂದು ಹೇಳಿ ಮುಂದೆ ಕುಳಿತೆ. ಇವರು ಗಂಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತರು. ಅತ್ತೆ ಯಾಕೋ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಗೆ ಇರಬೇಕು.

ಮಂಗಳಾರತಿಯಾಯಿತು. ಜನ ಇನ್ನೂ ಕೋಸಂಬರಿ ತಿನ್ನುತ್ತಿದ್ದಾಗ ಬೈರಮ್ಮನವರು ಹೋಗಿ ನನ್ನ ಮಂಚದ ಮೇಲೆ ಮಲಗಿಬಿಟ್ಟರು.

"ಹೊಲದಾಗೆ ದುಡಿದೂ ದುಡಿದೂ ಕೆನ್ನೆ ಮೇಲೆ ಬಂಗು ಬಂದೈತೆ. ನೋಡೇ. ಬೆಳ್ಳಗೆ ಮಾಡು ಅಂತ ಕೇಳಲ್ಲ, ಹೆದರ್ಬೇಡ."

ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನೋಡಿದೆ. ಬಿಸಿಲಿನ ಬಂಗು, ಕಂದು ಕಲೆ. ಪೂರ್ತಿ ಹೋಗುವುದಿಲ್ಲ, ಆರೈಕೆ ಮಾಡಿದರೆ ತಿಳಿಯಾಗುತ್ತದೆ. ಅದನ್ನೇ ಹೇಳಿದೆ. ಎಷ್ಟಾಗುತ್ತದೆಂದೂ ಹೇಳಿದೆ.

"ನೆಂಟಸ್ತಿಕೆ ಲೆಕ್ಕಕ್ಕಿಲ್ವೇನೇ?"

"ಐತೆ. ನೆಂಟ್ರಿಗೆ ಕೋಸಂಬರಿ ಫ್ರೀ."

ಎಲ್ಲರೂ ಹೋ ಎಂದು ನಕ್ಕರು. ಬೈರಮ್ಮನವರು ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದು, ನೋಟು ಎಣಿಸಿ ನನ್ನ ಕೈಗಿಟ್ಟು ಕಣ್ಣು ಮುಚ್ಚಿದರು. ಪೂಜೆಯಾದ ಅಂಗಡಿಯ ಬೋಣಿ. ನಾನು ಪೂಜೆಯ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಕೈ ತೊಳೆದುಕೊಂಡು ಬಂದು ಕೆಲಸಕ್ಕೆ ನಿಂತೆ.